ಸ್ಟೋರ್ಸ್ ಅಕ್ಕನ ಖಾಲಿ ಮೇಲ್‌ಬಾಕ್ಸ್

ನಿಮ್ಮ ಮೇಲ್‌ಬಾಕ್ಸ್ ತುಂಬಿದೆ ಎಂದು ಜನರಿಗೆ ಹೇಳುವುದೇ ನನ್ನ ಹೊಟ್ಟೆಪಾಡು. ಮುಂಬಯಿ ಪಕ್ಕದ ಠಾಣೆ ಊರಿನ ವಾಗ್ಳೆ ಎಸ್ಟೇಟ್‌ನಲ್ಲಿ ವಾಲ್ವ್ ತಯಾರಿಸುವ ಒಂದು ಕಂಪನಿಯಿದೆ. ಅದರ ಕಚೇರಿಯ ಕಂಪ್ಯೂಟರು, ಮೇಲು, ಪ್ರಿಂಟರು ಎಲ್ಲಕ್ಕೂ ನಾನೇ ವಾರಸುದಾರ. ಮೈಸೂರಿನಿಂದ ಬಂದು ಡೊಂಬಿವಲಿಯಲ್ಲಿ ಮನೆ ಮಾಡಿದ್ದೇನೆ. ಊರಿಗೆ ಹೋದಾಗ ಯಾರಾದರೂ ಏನು ಕೆಲಸ ಎಂದು ಕೇಳಿದರೆ ‘ಐಟಿ’ ಎಂದು ಹೇಳಿ ಮಾತು ಬದಲಿಸುತ್ತೇನೆ. ಬಿಡಿಸಿ ಹೇಳಲು ಹೋದರೆ ಇದ್ದ ಮರ್ಯಾದೆಯೂ ಉಳಿಯುವುದಿಲ್ಲ.

ಕಂಪನಿ ಪ್ರತಿಯೊಬ್ಬರ ಮೇಲ್‌ಬಾಕ್ಸಿಗೂ ಇಷ್ಟೇ ಜಾಗ ಎಂದು ಅಳೆದು ಕೊಟ್ಟಿದೆ. ಅದು ತುಂಬುತ್ತ ಬಂದಾಗ ಮೊದಲು ಒಂದು ಎಚ್ಚರಿಕೆ ಬರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಇನ್ನಷ್ಟು ತುಂಬಿದರೆ ಮೇಲ್ ಕಳಿಸುವುದು ನಿಲ್ಲುತ್ತದೆ. ಆಗ ನನಗೆ ಫೋನ್ ಬರುತ್ತದೆ, ಬೈಗುಳದ ಸಮೇತ. ಆಮೇಲೂ ಖಾಲಿ ಮಾಡದಿದ್ದರೆ ಹೊರಗಿನಿಂದ ಬರುವ ಮೇಲ್ ಒಳಗೆ ಸೇರುವುದಿಲ್ಲ. ಬರೆದವರಿಗೇ ವಾಪಸ್ ಹೋಗುತ್ತದೆ. ಯಾರು ಬರೆದರು, ಏನು ಬರೆದರು ಎಂಬುದು ಬಾಕ್ಸಿನ ಯಜಮಾನನಿಗೆ ಗೊತ್ತೇ ಆಗುವುದಿಲ್ಲ. ಬಾಗಿಲಿಗೆ ಬಂದವರು ತಿರುಗಿ ಹೋದ ಸುದ್ದಿ ಮನೆಯವರಿಗೆ ಮುಟ್ಟದ ಹಾಗೆ. ಈ ಕೊನೆಯ ಸಂಗತಿಯನ್ನು ನಾನು ಹೇಳಿ ಹೇಳಿ ಸೋತಿದ್ದೇನೆ.

ನಮ್ಮ ಜನಕ್ಕೆ ಏನನ್ನೂ ಬಿಸಾಡುವ ಬುದ್ಧಿ ಇಲ್ಲ. ಖರೀದಿ ವಿಭಾಗದ ಮ್ಯಾನೇಜರು ಓದಿದ ಮೇಲನ್ನೆಲ್ಲ ಡಿಲೀಟ್ ಒತ್ತಿ ಕಸದ ಫೋಲ್ಡರಿಗೆ ಹಾಕಿ, ಬೇಕಾದಾಗ ಅಲ್ಲಿಂದಲೇ ಹುಡುಕಿ ತೆಗೆಯುತ್ತಿದ್ದರು. ಅದು ಅವರ ಕಪಾಟಂತೆ. ಅದನ್ನು ಖಾಲಿ ಮಾಡಿ ಅಂದರೆ, ಮನೆಯ ತಿಜೋರಿ ಕೇಳಿದ ಹಾಗೆ ನನ್ನನ್ನು ನೋಡುತ್ತಿದ್ದರು. ಇನ್ನು ಗಣಪತಿ ಹಬ್ಬ ಬಂದರೆ ನನ್ನ ಪಾಡು ನಾಯಿಪಾಡು. ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿದೆ. ಮನೆಯಲ್ಲಿ ಗಣಪತಿ ಕೂರಿಸಿದವರು ಮಂಟಪದ ಫೋಟೋ ತೆಗೆದು, ದರ್ಶನಕ್ಕೆ ಬನ್ನಿ ಎಂದು ಇಡೀ ಕಂಪನಿಗೆ ಮೇಲ್ ಮಾಡುತ್ತಾರೆ. ಫೋಟೋವನ್ನು ಚಿಕ್ಕದು ಮಾಡುವ ಗೊಡವೆಗೆ ಯಾರೂ ಹೋಗುವುದಿಲ್ಲ. ಉಳಿದವರೆಲ್ಲ ‘ಮೋರಯಾ’ ಎಂದು ಎಲ್ಲರಿಗೂ ಉತ್ತರಿಸುತ್ತಾರೆ, ಜೊತೆಗೆ ತಮ್ಮ ಮನೆಯ ಗಣಪತಿಯ ಫೋಟೋ. ಕಚೇರಿಯ ಅರ್ಧ ಜನ ರಜೆಯಲ್ಲಿರುತ್ತಾರೆ. ಅವರ ಬಾಕ್ಸುಗಳು ಮುಟ್ಟುವವರಿಲ್ಲದೆ ತುಂಬಿ ನಿಲ್ಲುತ್ತವೆ. ವಿಘ್ನ ನಿವಾರಿಸುವ ದೇವರಿಂದಲೇ ನನಗೆ ವರ್ಷಕ್ಕೊಮ್ಮೆ ವಿಘ್ನ ಎಂದು ನಾನು ಗೊಣಗುತ್ತಿದ್ದೆ.

ಇಂಥ ಊರಿನಲ್ಲಿ ಒಬ್ಬರ ಮೇಲ್‌ಬಾಕ್ಸ್ ಮಾತ್ರ ಸದಾ ಖಾಲಿ ಇರುತ್ತಿತ್ತು. ಸ್ಟೋರ್ಸ್‌ನಲ್ಲಿ ಮಾಲು ಬಂದದ್ದು ಹೋದದ್ದು ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸು. ಬಂದ ಮೇಲಿಗೆ ಉತ್ತರ ಕೊಟ್ಟು, ಬೇಕಾದ್ದನ್ನು ಕಂಪ್ಯೂಟರಿನಲ್ಲಿ ಬೇರೆ ಕಡೆ ಇಟ್ಟು, ಸಂಜೆ ಹೊರಡುವ ಮುಂಚೆ ಬಾಕ್ಸನ್ನು ಗುಡಿಸಿ ಒರೆಸಿದ ಹಾಗೆ ಮಾಡಿ ಹೋಗುತ್ತಿದ್ದರು. ಕಸದ ಫೋಲ್ಡರು ಕೂಡ ಸ್ವಚ್ಛ. ಒಂದು ಮೀಟಿಂಗಿನಲ್ಲಿ ನಾನು ಎಲ್ಲರ ಮುಂದೆ ಅವರನ್ನು ಹೊಗಳಿದೆ. ಇವರನ್ನು ನೋಡಿ ಕಲಿಯಿರಿ ಅಂದೆ. ಅವರು ಖುಷಿಪಡಲಿಲ್ಲ. ತಲೆ ತಗ್ಗಿಸಿ ಪೆನ್ನಿನ ಟೋಪಿ ತೆಗೆದು ಹಾಕುತ್ತ ಕುಳಿತರು. ಮೀಟಿಂಗ್ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು, ನಾನು ಫೋನಿನಲ್ಲಿ ಹೆಂಡತಿಯೊಡನೆ ಮಾತಾಡುತ್ತಿದ್ದುದನ್ನು ಕೇಳಿ, “ಕನ್ನಡದವರೇನ್ರಿ?” ಅಂದರು.

ಅವರ ತಂದೆ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಠಾಣೆಯ ಆಚೆಯ ಕಲ್ಯಾಣಕ್ಕೆ ಬಂದವರು. ಇವರು ಇಲ್ಲಿಯ ಕನ್ನಡ ಶಾಲೆಯಲ್ಲಿ ಕಲಿತು, ಮರಾಠಿ ಹಿಂದಿ ಎಲ್ಲವನ್ನೂ ಬೀದಿಯಲ್ಲಿ ಕಲಿತು, ಈ ಕಂಪನಿಗೆ ಸೇರಿ ಇಲ್ಲಿಯೇ ಕೂದಲು ಹಣ್ಣು ಮಾಡಿಕೊಂಡಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಅಂದಿನಿಂದ ನನಗೆ ಅವರು ಅಕ್ಕ, ಅವರಿಗೆ ನಾನು ತಮ್ಮ.

ಅಕ್ಕನಿಗೆ ಒಂದು ಗೀಳಿತ್ತು. ನಾನು ಸ್ಟೋರ್ಸ್ ಕಡೆ ಹೋದಾಗಲೆಲ್ಲ, “ತಮ್ಮಾ, ನನ್ನ ಬಾಕ್ಸ್ ತುಂಬಿಲ್ಲಲ್ಲ?” ಎಂದು ಕೇಳುತ್ತಿದ್ದರು. ಹೊಟ್ಟೆ ತುಂಬ ಉಂಡವರು ಮತ್ತೆ ಮತ್ತೆ ಪಾತ್ರೆ ಇಣುಕಿ ನೋಡಿದ ಹಾಗೆ. ನನಗೆ ಮೂಗಿನ ಮೇಲೇ ಕೋಪ. ಒಂದು ದಿನ ಅಂದುಬಿಟ್ಟೆ: “ಅಕ್ಕಾ, ಈ ಬಿಲ್ಡಿಂಗ್‌ನಲ್ಲಿ ಎಲ್ಲರದೂ ತುಂಬಿ ತುಳುಕ್ತಿದೆ. ನಿಮ್ಮದರಲ್ಲಿ ಕ್ರಿಕೆಟ್ ಆಡಬಹುದು. ಯಾಕೆ ಸುಮ್ನೆ ತಲೆ ತಿಂತೀರಾ?” ಅವರು ನಕ್ಕರು. ಮುಂದಿನ ವಾರ ಮತ್ತೆ ಅದೇ ಪ್ರಶ್ನೆ.

ಕಾರಣ ತಿಳಿದದ್ದು ಮೇಲನ್ನೆಲ್ಲ ಹೊಸ ಸರ್ವರಿಗೆ ಸಾಗಿಸುವ ಹೊತ್ತಿನಲ್ಲಿ. ಶನಿವಾರ ಭಾನುವಾರ ಮೇಲ್ ಬಂದ್ ಇರುತ್ತದೆ ಎಂದು ಎಲ್ಲರಿಗೂ ತಿಳಿಸಿದ್ದೆ. ಎರಡು ದಿನ ನೆಮ್ಮದಿ ಎಂದು ಕಚೇರಿಯೇ ಸಂತೋಷಪಟ್ಟಿತು. ಅಕ್ಕ ಮಾತ್ರ ಮುಖದ ಬಣ್ಣ ಕೆಡಿಸಿಕೊಂಡು ನನ್ನ ಹತ್ತಿರ ಬಂದರು.

“ಅವತ್ತೇ ಯಾರರ ಬರದ್ರ ಏನಾಗ್ತೈತಿ?”

“ಏನೂ ಆಗಲ್ಲ ಅಕ್ಕಾ. ಕಳಿಸಿದವರ ಕಡೇನೇ ಕಾದಿರುತ್ತೆ. ನಾವು ಬಾಗಿಲು ತೆಗೆದ ಮೇಲೆ ತಾನೇ ಬರುತ್ತೆ.”

“ವಾಪಸ್ ಹೋಗಂಗಿಲ್ಲಲ್ಲ?”

“ಹೋಗಲ್ಲ.”

“ಇನ್ನೊಮ್ಮೆ ಹೇಳು ತಮ್ಮಾ.”

ನನ್ನ ಕೋಪವೆಲ್ಲ ಇಳಿದುಹೋಯಿತು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ತರಿಸಿದೆ. ಅಲ್ಲಿ, ಊಟದ ಹೊತ್ತು ಕಳೆದು ಖಾಲಿಯಾದ ಬೆಂಚಿನ ಮೇಲೆ ಕುಳಿತು ಅವರು ಹೇಳಿದ್ದು ಇದು.

ಅವರಿಗೆ ಒಬ್ಬಳೇ ತಂಗಿ. ತಾಯಿ ತೀರಿಕೊಂಡಾಗ ತೀರ ಚಿಕ್ಕವಳು. ಬೆಳೆಸಿ ಓದಿಸಿದ್ದು ಇವರೇ. ತಂಗಿಗೆ ನವಿ ಮುಂಬಯಿಯ ಒಂದು ಕಚೇರಿಯಲ್ಲಿ ಕೆಲಸವೂ ಸಿಕ್ಕಿತು. ಮಧ್ಯಾಹ್ನ ಇಬ್ಬರೂ ತಮ್ಮ ತಮ್ಮ ಕಚೇರಿಯಿಂದ ಮೇಲ್ ಬರೆದುಕೊಳ್ಳುತ್ತಿದ್ದರಂತೆ, ಬರುವಾಗ ಪಾಲಕ್ ಸೊಪ್ಪು ತಾ ಎನ್ನುವಂಥದ್ದು. ಆಮೇಲೆ ತಂಗಿ ತನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬನನ್ನು ಮೆಚ್ಚಿದಳು. ಅಕ್ಕ ಒಪ್ಪಲಿಲ್ಲ. ಜಾತಿ ಬೇರೆ, ಭಾಷೆ ಬೇರೆ, ಊರು ಎಲ್ಲೋ ಉತ್ತರದಲ್ಲಿ. ಜಗಳವಾಯಿತು. ಹೊಸ್ತಿಲು ದಾಟಿದರೆ ನನ್ನ ಪಾಲಿಗೆ ನೀನು ಸತ್ತಂತೆ ಎಂದು ಅಕ್ಕ ಅಂದರು. ತಂಗಿ ದಾಟಿದಳು. ಅಕ್ಕ ಅವಳ ನಂಬರನ್ನು ಫೋನಿನಲ್ಲಿ ಬ್ಲಾಕ್ ಮಾಡಿದರು.

“ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತಿಯಿಂದ ಬರೂದಿಲ್ಲ ಅಂತ ನಮ್ಮವ್ವ ಅಂತಿದ್ಲು,” ಅಂದರು ಅಕ್ಕ. “ನಾ ಕೇಳಲಿಲ್ಲ.”

ಸಿಟ್ಟು ಇಳಿದು ಬ್ಲಾಕ್ ತೆಗೆಯುವ ಹೊತ್ತಿಗೆ ಆ ನಂಬರು ಬೇರೆ ಯಾರದೋ ಆಗಿತ್ತು. ಹಿಂದಿಯಲ್ಲಿ ಒಬ್ಬ ಗಂಡಸು ರಾಂಗ್ ನಂಬರ್ ಎಂದು ಇಟ್ಟುಬಿಟ್ಟ. ತಂಗಿಯ ಕಚೇರಿ ವಿಳಾಸಕ್ಕೆ ಮೇಲ್ ಬರೆದರೆ, ಈ ಹೆಸರಿನವರು ಇಲ್ಲಿ ಇಲ್ಲ ಎಂದು ವಾಪಸ್ ಬಂತು. ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಆ ಹೆಸರಿನವರು ಸಾಲುಗಟ್ಟಿ ನಿಂತಿದ್ದರು, ಯಾರೂ ಅವಳಲ್ಲ. ಈ ನಡುವೆ ಕಲ್ಯಾಣದಲ್ಲಿ ಅವರಿದ್ದ ಹಳೆಯ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಯಿತು. ಕೆಡವಿ ನೆಲಸಮ ಮಾಡಿದರು. ಅಕ್ಕಪಕ್ಕದವರು ಒಬ್ಬೊಬ್ಬರು ಒಂದೊಂದು ಕಡೆ ಬಾಡಿಗೆಗೆ ಚದುರಿದರು. ಅಕ್ಕ ಫೋನನ್ನೂ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಕಳೆದುಕೊಂಡು ಹೊಸ ನಂಬರು ತೆಗೆದುಕೊಂಡಿದ್ದರು. ಕೊನೆಗೆ ತಂಗಿಗೆ ಗೊತ್ತಿರುವ, ಬದಲಾಗದೆ ಉಳಿದಿರುವ ವಿಳಾಸ ಒಂದೇ: ನಮ್ಮ ಕಂಪನಿಯ ಈ ಮೇಲ್.

ಅದಕ್ಕೆ ಅವಳು ಬರೆದೂ ಇದ್ದಳು. ನಾನು ಈ ಕೆಲಸಕ್ಕೆ ಸೇರುವ ಮೊದಲಿನ ಮಾತು. ಗಣಪತಿ ಹಬ್ಬದ ರಜೆಯಲ್ಲಿ, ಗೌರಿ ಮನೆಗೆ ಬರುವ ದಿನ; ಇಲ್ಲಿ ಗೌರಿ ಬರುವುದು ಗಣಪತಿ ಕೂತ ಮೇಲೆ. ಹೆಣ್ಣುಮಕ್ಕಳು ತವರಿಗೆ ಬರುವ ದಿನ ನೋಡಿಕೊಂಡೇ ಬರೆದಿದ್ದಳು. ಆ ಹೊತ್ತಿಗೆ ಅಕ್ಕನ ಬಾಕ್ಸಿನಲ್ಲಿ ಇಡೀ ಕಂಪನಿಯ ಗಣಪತಿಗಳು ಬಂದು ಕುಳಿತಿದ್ದವು. ಒಂದು ಸಾಲಿಗೂ ಜಾಗವಿರಲಿಲ್ಲ. ಮೇಲ್ ವಾಪಸ್ ಹೋಯಿತು. ಬಹಳ ದಿನಗಳ ಮೇಲೆ ತಂಗಿಯ ಗೆಳತಿಯೊಬ್ಬಳು ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕಿ, “ಅವಳು ನಿಮಗೆ ಬರೆದಿದ್ದಳಂತೆ, ನೀವು ತಗೊಳ್ಳಲಿಲ್ಲವಂತೆ. ಅಕ್ಕ ಮೇಲನ್ನೂ ಮುಚ್ಚಿಬಿಟ್ಟಳು ಅಂತ ಫೋನಿನಲ್ಲಿ ಅತ್ತಳು,” ಎಂದಳು. ಅಷ್ಟರಲ್ಲಿ ಆ ಗೆಳತಿಯ ಹತ್ತಿರವೂ ಅವಳ ನಂಬರು ಉಳಿದಿರಲಿಲ್ಲ.

“ಆವತ್ತಿನಿಂದ ನಾ ಜಾಗಾ ಖಾಲಿ ಇಟ್ಟೀನಿ ತಮ್ಮಾ. ಮತ್ತ ಬರೀತಾಳ ಅಕಿ. ಹಟಮಾರಿ ಇದ್ದಾಳ, ಆದ್ರ ಬರೀತಾಳ.”

ಮೈಸೂರಿನಲ್ಲಿರುವ ನನ್ನ ತಂಗಿಗೆ ಗೌರಿಹಬ್ಬದ ಬಾಗಿನದ ದುಡ್ಡನ್ನು ನಾನು ಮೊಬೈಲಿನಲ್ಲಿ ಕಳಿಸಿ, ಒಂದು ಹೂವಿನ ಚಿತ್ರ ಒತ್ತಿ ಮುಗಿಸುವವನು. ಅವಳು ಎಲ್ಲಿದ್ದಾಳೆಂಬುದು ಗೊತ್ತಿರುವುದೇ ಒಂದು ಭಾಗ್ಯ ಎಂದು ಆವರೆಗೆ ಹೊಳೆದಿರಲಿಲ್ಲ.

ಅಕ್ಕನ ನಿವೃತ್ತಿ ಹತ್ತಿರ ಬಂತು. ಕೆಲಸ ಬಿಟ್ಟವರ ಮೇಲ್‌ಬಾಕ್ಸನ್ನು ಆ ದಿನವೇ ಮುಚ್ಚಬೇಕೆಂಬುದು ನಮ್ಮಲ್ಲಿ ನಿಯಮ. ಮುಚ್ಚಿದ ಮೇಲೆ ಬರೆದವರಿಗೆ, ಇಂಥ ವಿಳಾಸವೇ ಇಲ್ಲ ಎಂದು ಉತ್ತರ ಹೋಗುತ್ತದೆ. ಅಕ್ಕ ನನ್ನನ್ನು ಏನೂ ಕೇಳಲಿಲ್ಲ. ಸ್ಟೋರ್ಸಿನ ಬೀಗದ ಕೈಗಳನ್ನು ಒಪ್ಪಿಸಿದರು, ರ‍್ಯಾಕುಗಳ ಮೇಲಿನ ಚೀಟಿಗಳನ್ನು ಹೊಸದಾಗಿ ಬರೆದು ಅಂಟಿಸಿದರು. ಬಾಕ್ಸ್ ತುಂಬಿದೆಯೇ ಎಂದು ಕೇಳುವುದನ್ನೂ ನಿಲ್ಲಿಸಿದರು. ಆ ಪ್ರಶ್ನೆ ಬಾರದೆ ಇದ್ದದ್ದನ್ನು ನನ್ನಿಂದ ಸಹಿಸಲಾಗಲಿಲ್ಲ.

ಠಾಣೆಯಿಂದ ವಾಶಿಯ ಲೋಕಲ್ ರೈಲು ಹಿಡಿದು ನವಿ ಮುಂಬಯಿಯ ಹೆಡ್ ಆಫೀಸಿಗೆ ಹೋದೆ. ಅಲ್ಲಿ ನನ್ನ ಮೇಲಧಿಕಾರಿ. ಬಾಕ್ಸನ್ನು ಮುಚ್ಚದೆ ಕಚೇರಿಯ ಹಲವರು ನೋಡಬಹುದಾದ ಹಂಚಿಕೆಯ ಬಾಕ್ಸಾಗಿ ಬದಲಿಸಿ ಇಡಬಹುದು, ಅದಕ್ಕೆ ಬೇರೆ ಲೈಸೆನ್ಸೂ ಬೇಡ, ಸಾಫ್ಟ್‌ವೇರಿನಲ್ಲಿ ಆ ಅನುಕೂಲ ಇದ್ದೇ ಇದೆ ಎಂದು ತೋರಿಸಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. “ಅರೆ ಯಾರ್, ರೂಲ್ ಹೈ,” ಎಂದು ಅವರು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. ಕಾರಣವೇನು ಎಂದು ಕೇಳಿದಾಗ ಮಾಲು ಕೊಡುವವರಿಗೆ ಹಳೆಯ ವಿಳಾಸವೇ ಗೊತ್ತು, ತೊಂದರೆಯಾದೀತು ಎಂದು ಹೇಳಲು ಸಿದ್ಧನಾಗಿ ಹೋಗಿದ್ದೆ. ಬಾಯಿಗೆ ಬಂದದ್ದು ನಿಜವೇ. ಹಿಂದಿಯಲ್ಲಿ ತಡವರಿಸುತ್ತ ಎಲ್ಲವನ್ನೂ ಹೇಳಿದೆ, ಗೌರಿಯ ದಿನವನ್ನು ಸಹ. ಅವರು ರತ್ನಾಗಿರಿಯ ಕಡೆಯವರು. ಗೌರಿ ಎಂದರೇನೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಮುಂದಿನ ಆಡಿಟ್ ಬರುವವರೆಗೆ ಇರಲಿ, ಆಡಿಟ್‌ನವರು ಕೇಳಿದರೆ ತಮಗೇನೂ ಗೊತ್ತಿಲ್ಲ, ಕೇಳಿದ ದಿನವೇ ಮುಚ್ಚಬೇಕು ಅಂದರು.

ಅಕ್ಕನ ಕೊನೆಯ ದಿನ, ಶಾಲು ಹಾರ ಎಲ್ಲ ಮುಗಿದ ಮೇಲೆ, ಬರೆದವರಿಗೆ ತಾನಾಗಿ ಹೋಗುವ ಉತ್ತರವೊಂದನ್ನು ಇಬ್ಬರೂ ಕೂತು ಬರೆದೆವು. ಮೇಲೆ ಇಂಗ್ಲಿಷಿನಲ್ಲಿ ಕಂಪನಿಯ ಎರಡು ಸಾಲು: ಇವರು ನಿವೃತ್ತರಾಗಿದ್ದಾರೆ, ಕೆಲಸಕ್ಕೆ ಇಂಥವರಿಗೆ ಬರೆಯಿರಿ. ಅದರ ಕೆಳಗೆ ಕನ್ನಡ. ಅದು ತಂಗಿಗೊಬ್ಬಳಿಗೇ ಹೋಗುವ ಹಾಗೆ ಮಾಡಲು ಬರುವುದಿಲ್ಲ, ಬರೆದವರೆಲ್ಲರಿಗೂ ಹೋಗುತ್ತದೆ ಎಂದೆ. “ಹೋಗ್ಲಿ,” ಅಂದರು. ನಾನು ಭಾವಪೂರ್ಣವಾಗಿ ಏನೇನೋ ಟೈಪ್ ಮಾಡಿದೆ. ಅಕ್ಕ ಎಲ್ಲವನ್ನೂ ಅಳಿಸಿದರು.

“ಅಷ್ಟ ಉದ್ದ ಬರದ್ರ ಅಕಿ ಓದಂಗಿಲ್ಲ. ವಾಪಸ್ ಬಂತಂತ ತಿಳ್ಕೊಂಡು ತಗದು ಬಿಸಾಕ್ತಾಳ.”

ಕೊನೆಗೆ ಉಳಿದದ್ದು ಇಷ್ಟು: ‘ತಂಗಿ, ಇದು ವಾಪಸ್ ಬಂದ ಮೇಲ್ ಅಲ್ಲ. ನಿನ್ನದು ನನಗೆ ಮುಟ್ಟಿದೆ. ನಮ್ಮ ಬಿಲ್ಡಿಂಗ್ ಕೆಡವಿದ್ದಾರೆ. ನನ್ನ ಹೊಸ ನಂಬರು ಇದು. ಅಕ್ಕ.’

ಎಲ್ಲ ಸಿಬ್ಬಂದಿಗೆ ಹೋಗುವ ಮೇಲುಗಳ ಪಟ್ಟಿಯಿಂದ ಅಕ್ಕನ ಹೆಸರು ತೆಗೆದೆ. ಮಾಲು ಮಾರುವವರ ಜಾಹೀರಾತು, ಬ್ಯಾಂಕು ಸಾಲದ ಆಮಿಷ, ಇವು ಮಾತ್ರ ನಿಲ್ಲಲಿಲ್ಲ. ಬಾಕ್ಸ್ ತುಂಬಿದರೆ ಆ ಕನ್ನಡದ ಉತ್ತರವೂ ಹೋಗುವುದಿಲ್ಲ. ಹಾಗಾಗಿ ಅಕ್ಕ ಮಾಡುತ್ತಿದ್ದ ಕೆಲಸ ನನ್ನದಾಯಿತು. ಸಂಜೆ ಹೊರಡುವ ಮುಂಚೆ ಅವರ ಬಾಕ್ಸನ್ನು ತೆರೆದು ಕಸ ತೆಗೆಯುತ್ತಿದ್ದೆ. ಇಷ್ಟು ವರ್ಷ ಊರಿಗೆಲ್ಲ ಹೇಳಿದ್ದನ್ನು ಮೊದಲ ಸಲ ಭಯಭಕ್ತಿಯಿಂದ ಮಾಡಿದೆ.

ಭಿವಂಡಿಯ ಬೇರಿಂಗ್ ವ್ಯಾಪಾರಿಯೊಬ್ಬ ಅಕ್ಕನಿಗೆ ಫೋನ್ ಮಾಡಿ, “ಮೇಡಂ, ನೀಚೆ ಯೇ ಕ್ಯಾ ಲಿಖಾ ಹೈ?” ಎಂದು ಕೆಳಗಿನ ಕನ್ನಡದ ಸಾಲುಗಳ ಅರ್ಥ ಕೇಳಿದನಂತೆ. ಕಲಬುರಗಿಯ ಕಡೆಯ ಲಾರಿ ಟ್ರಾನ್ಸ್‌ಪೋರ್ಟಿನವನೊಬ್ಬ ಓದಿ ಅರ್ಥ ಮಾಡಿಕೊಂಡು, ಆಮೇಲೆ ಆಗಾಗ ಕರೆ ಮಾಡಿ “ತಂಗಿ ಬರದ್ಲೇನ್ರಿ ಅಕ್ಕಾರ?” ಎಂದು ವಿಚಾರಿಸುತ್ತಿದ್ದನಂತೆ. ಇದನ್ನೆಲ್ಲ ಹೇಳುವಾಗ ಅಕ್ಕ ನಗುತ್ತಿದ್ದರು. ಆದರೆ ಆಡಿಟ್ ಯಾವಾಗ ಎಂದು ಒಮ್ಮೆಯೂ ಕೇಳಲಿಲ್ಲ. ಅದು ಗಣಪತಿ ಹಬ್ಬ ಮುಗಿದೊಡನೆ ಎಂದು ಗೊತ್ತಾದಾಗ ನಾನೂ ಹೇಳಲಿಲ್ಲ.

ಹಬ್ಬ ಬಂತು. ಕಚೇರಿ ಅರ್ಧ ಖಾಲಿ. ಎಂದಿನಂತೆ ಮಂಟಪಗಳ ಫೋಟೋ ಹರಿದುಬಂದವು, ಎಂದಿನಂತೆ ನಾನು ಗೊಣಗಿದೆ. ಆ ವರ್ಷ ಗೌರಿಯ ದಿನ ಬಿಸಿಲಿತ್ತು. ಮಧ್ಯಾಹ್ನದ ಊಟ ಮುಗಿಸಿ ಬಂದು ಅಕ್ಕನ ಬಾಕ್ಸ್ ತೆರೆದೆ. ಜಾಹೀರಾತುಗಳ ನಡುವೆ ವಿಷಯವೇ ಬರೆಯದ ಒಂದು ಮೇಲು. ಕಳಿಸಿದವರ ಹೆಸರು ಅಕ್ಕ ನನಗೆ ಹೇಳಿದ್ದ ಹೆಸರು. ಓದಬಾರದೆಂದುಕೊಂಡರೂ ಮೊದಲ ಸಾಲು ಕಣ್ಣಿಗೆ ಬಿದ್ದೇ ಬಿಟ್ಟಿತು: ‘ಅಕ್ಕಾ, ಇದೂ ವಾಪಸ್ ಬಂದರೆ ಇನ್ನು ನಾನು ಬರೆಯುವುದಿಲ್ಲ.’

ಕುರ್ಚಿಯಿಂದ ಎದ್ದು ನಿಂತೆ. ನಮ್ಮ ಕನ್ನಡದ ಉತ್ತರ ಆಗಲೇ ಹೋಗಿತ್ತು. ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಯಾವ ಕ್ಷಣದಲ್ಲಾದರೂ ಅವಳ ಕರೆ ಬರಬಹುದು, ಫೋನು ಕೈಯಲ್ಲಿರಲಿ ಅಂದೆ. ಆ ದಿನ ಕರೆ ಬರಲಿಲ್ಲ. ಮರುದಿನ ಬೆಳಗ್ಗೆ ನಾನು ಕಚೇರಿಗೆ ಬರುವಷ್ಟರಲ್ಲಿ ಅಕ್ಕ ಗೇಟಿನ ವಾಚ್‌ಮನ್‌ನ ಸ್ಟೂಲಿನ ಮೇಲೆ ಕುಳಿತಿದ್ದರು, ಒಗೆದಿಟ್ಟ ಹಬ್ಬದ ಸೀರೆ ಉಟ್ಟುಕೊಂಡು.

“ಯಾಕೆ ಫೋನ್ ಮಾಡ್ಲಿಲ್ವೋ ಏನೋ,” ಅಂದೆ.

“ಮಿಷನ್ ಕೊಟ್ಟ ಉತ್ತರಕ್ಕ ಅಕಿ ಮಾಡಂಗಿಲ್ಲ ತಮ್ಮಾ. ಹೊರಗ ಹೋಗಂದಾಕಿ ನಾನು. ಒಳಗ ಬಾ ಅಂತ ನಾನೇ ಅನ್ನಬೇಕು.”

ಮೇಲನ್ನು ನಿಮ್ಮ ಮೊಬೈಲಿಗೆ ಕಳಿಸಿಕೊಡುತ್ತೇನೆ, ಅಲ್ಲಿಂದಲೇ ಬರೆಯಿರಿ ಅಂದೆ. ಬೇರೆ ವಿಳಾಸದಿಂದ ಹೋದರೆ ಯಾರೋ ಎಂದುಕೊಳ್ಳುತ್ತಾಳೆ, ಇದೇ ವಿಳಾಸದಿಂದ ಹೋಗಬೇಕು ಅಂದರು. ನಿವೃತ್ತರಾದವರನ್ನು ಕಂಪನಿಯ ಮೇಲ್‌ಬಾಕ್ಸಿನ ಮುಂದೆ ಕೂರಿಸುವುದು ಯಾವ ನಿಯಮದಲ್ಲೂ ಇಲ್ಲ. ನನ್ನ ಕುರ್ಚಿಯನ್ನೇ ಎಳೆದು ಕೊಟ್ಟೆ.

ಅವರು ಓದಿದರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. “ಮಗಳದಾಳಂತ,” ಎಂದಷ್ಟೇ ಹೇಳಿದ್ದು ಕೇಳಿಸಿತು. “ಸಾಲಿಗಿ ಹೊಂಟಾಳಂತ.” ಆಮೇಲೆ ಒಂದೇ ಬೆರಳಿನಲ್ಲಿ, ಕನ್ನಡದ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತುತ್ತ ಬರೆದರು. ಬಹಳ ಹೊತ್ತು ಹಿಡಿಯಿತು. ಬರೆದದ್ದು ಬಹಳವಲ್ಲ, ಮುಗಿಸಿ ನನ್ನನ್ನು ಕರೆದಾಗ ಪರದೆಯಲ್ಲಿ ಮೂರೋ ನಾಲ್ಕೋ ಸಾಲಿದ್ದವು. ನಾನು ಓದಲಿಲ್ಲ. ಕಳಿಸುವ ಗುಂಡಿಯ ಮೇಲೆ ಬಾಣದ ಗುರುತು ತಂದು ಅಕ್ಕ ಕೈ ತಡೆದರು.

“ತಮ್ಮಾ, ಅಕಿ ಕಡೆ ಜಾಗಾ ಐತೇನ್ ನೋಡು. ಅಲ್ಲಿ ತುಂಬಿತ್ತಂದ್ರ?”

ನಾನು ಈ ಕೆಲಸದಲ್ಲೇ ತಲೆ ಹಣ್ಣು ಮಾಡಿಕೊಳ್ಳುತ್ತಿರುವವನು. ನಮ್ಮ ಕಚೇರಿಯ ಯಾರ ಬಾಕ್ಸಿನಲ್ಲಿ ಎಷ್ಟು ಜಾಗವಿದೆ ಎಂದು ಬಾಯಲ್ಲೇ ಹೇಳಬಲ್ಲೆ. ಆದರೆ ಇನ್ನೊಬ್ಬರ ಕಡೆ ಜಾಗ ಇದೆಯೋ ಇಲ್ಲವೋ ಇಲ್ಲಿಂದ ನೋಡಲು ಬರುವುದಿಲ್ಲ, ಕಳಿಸಿಯೇ ತಿಳಿಯಬೇಕು ಎಂದೆ.

“ತುಂಬಿತ್ತಂದ್ರ ಎಷ್ಟೊತ್ತಿಗೆ ವಾಪಸ್ ಬರ್ತೈತಿ?”

“ಬರೋದಾದ್ರೆ ಸಾಮಾನ್ಯವಾಗಿ ಕೂಡಲೇ ಬಂದ್ಬಿಡುತ್ತೆ ಅಕ್ಕಾ.”

ಅವರು ಒತ್ತಿದರು. ಮೇಲ್ ಹೋಯಿತು. ಅಕ್ಕ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಪರದೆಯನ್ನೇ ನೋಡುತ್ತ ಕುಳಿತರು. ನಾನು ಅವರ ಹಿಂದೆ ನಿಂತೆ. ಯಾರೋ ಚಹಾ ತಂದಿಟ್ಟು ಹೋದರು, ಇಬ್ಬರೂ ಮುಟ್ಟಲಿಲ್ಲ. ಬರುವುದಿದ್ದರೆ ಬರಬೇಕಾದ ಹೊತ್ತು ದಾಟಿತು. ನಾನು ಬಗ್ಗಿ ಇನ್ನೊಮ್ಮೆ ನೋಡಿದೆ. ಬಾಕ್ಸಿಗೆ ಏನೂ ಬಂದಿರಲಿಲ್ಲ.

“ವಾಪಸ್ ಬಂದಿಲ್ಲ ಅಕ್ಕಾ,” ಅಂದೆ. “ಮುಟ್ಟಿದೆ.”

ಅಷ್ಟು ವರ್ಷ ಏನಾದರೂ ಬರಲಿ ಎಂದು ಕಾದವರು, ಏನೂ ಬರಲಿಲ್ಲವೆಂದು ಅಲ್ಲೇ, ನನ್ನ ಕುರ್ಚಿಯಲ್ಲೇ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.